ನನ್ನ ಗೇಣು ಎಂಟು ಇಂಚು

ನಾನು ಹೊಲಿಗೆಯಲ್ಲಿ ನಾಪಾಸಾದೆ ಎಂದರೆ ನಮ್ಮ ಗಲ್ಲಿಯಲ್ಲಿ ಒಬ್ಬರೂ ನಂಬಲಿಲ್ಲ. ಗಣಿತದಲ್ಲಿ ಹೋಗಿದ್ದರೆ ನಂಬುತ್ತಿದ್ದರು, ವಿಜ್ಞಾನದಲ್ಲಿ ಹೋಗಿದ್ದರೆ ‘ಪಾಪ’ ಎನ್ನುತ್ತಿದ್ದರು. ಅವೆರಡರಲ್ಲೂ ನಾನು ಪಾಸಾಗಿದ್ದೆ, ಅದೂ ಐವತ್ತೊಂದನೆಯ ವಯಸ್ಸಿನಲ್ಲಿ, ಮಗಳಿಗಿಂತ ಚಿಕ್ಕವರ ಪಕ್ಕ ಬೆಂಚಿನ ಮೇಲೆ ಕೂತು. ಹೋದದ್ದು ಟೇಲರಿಂಗ್ ಪ್ರಾಕ್ಟಿಕಲ್‌ನಲ್ಲಿ. ಮೂವತ್ತು ವರ್ಷ ಮಷೀನು ತುಳಿದ ಕಾಲಿಗೆ ಸಿಕ್ಕ ಬಹುಮಾನ ಅದು! ಮಗಳ ಮೊಬೈಲಿನಲ್ಲಿ ರಿಸಲ್ಟ್ ನೋಡಿದಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸಿಟ್ಟು ಮೊದಲಿನಿಂದಲೂ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ.

ನಾನು ಕಲಬುರಗಿ ಕಡೆಯವಳು. ಕನ್ನಡ ಶಾಲೆಯಲ್ಲಿ ಒಂಬತ್ತನೆಯ ತರಗತಿ ಮುಗಿಯುತ್ತಿದ್ದಂತೆ ಓದು ನಿಂತಿತು, ಆಮೇಲೆ ಮದುವೆಯಾಗಿ ಹೈದರಾಬಾದಿಗೆ ಬಂದೆ. ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದಿನ ನಮ್ಮ ಗಲ್ಲಿಯಲ್ಲಿ ಐದಾರು ಮನೆ ನಮ್ಮ ಕಡೆಯವರದೇ. ಹೊಸ್ತಿಲು ದಾಟಿದರೆ ತೆಲುಗು, ಹಿಂದಿ. ಒಳಗೆ ಬಂದರೆ ನಮ್ಮ ಮಾತು. ಅಲ್ಲೇ ಹತ್ತಿರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾನು ಆಯಾ ಆಗಿದ್ದೆ. ಗಂಟೆ ಹೊಡೆಯುವುದು, ನೀರು ತುಂಬಿಸುವುದು, ಸಣ್ಣ ಮಕ್ಕಳ ಮೂಗು ಒರೆಸುವುದು ನನ್ನ ಕೆಲಸ. ಮನೆಗೆ ಬಂದ ಮೇಲೆ ಹೊಲಿಗೆ.

ಹತ್ತನೆಯ ತರಗತಿಯವರಿಗೆ ಪಾಠದ ವಿಷಯಗಳ ಜೊತೆಗೆ ಚಿತ್ರಕಲೆ, ಕೈಕೆಲಸಕ್ಕೂ ಗ್ರೇಡು ಇರುತ್ತದೆ. ಅದಕ್ಕೆ ಮಕ್ಕಳು ತಾವೇ ಮಾಡಿದ ನಾಲ್ಕಾರು ವಸ್ತು ಶಾಲೆಗೆ ಒಪ್ಪಿಸಬೇಕು. ‘ತಾವೇ ಮಾಡಿದ’ ಅಂತ ಕಾಗದದ ಮೇಲೆ ಬರೆದಿರುತ್ತದೆ ಅಷ್ಟೆ. ಸಂಕ್ರಾಂತಿ ಮುಗಿಯುವುದೇ ತಡ, ಗಲ್ಲಿಯ ತಾಯಂದಿರು ನನ್ನ ಬಾಗಿಲಿಗೆ ಬರುತ್ತಿದ್ದರು. “ಅಕ್ಕಾರ, ನಮ್ಮ ಹುಡುಗಿಗೆ ಓದೂದು ಭಾಳ ಐತ್ರಿ. ಒಂದು ಕರ್ಚೀಫ್, ಒಂದು ದಿಂಬಿನ ಕವರ್ ನೀವ ಹೊಲದು ಕೊಟ್ಟುಬಿಡ್ರಿ.” ನಾನು ಹೊಲಿದು ಕೊಡುತ್ತಿದ್ದೆ. ಕಸೂತಿಯ ಗೋಪುರ ಹಾಕಿ, ಅಂಚು ಮಡಚಿ, ಇಸ್ತ್ರಿ ಮಾಡಿ ಕೊಡುತ್ತಿದ್ದೆ. ಎಲ್ಲರಿಗೂ ‘ಎ’ ಬರುತ್ತಿತ್ತು. ಆ ‘ಎ’ಗಳನ್ನೆಲ್ಲ ಸಾಲಾಗಿ ಇಟ್ಟರೆ ನಾನೊಬ್ಬಳೇ ಎಷ್ಟು ಸಲ ಹತ್ತನೆಯ ತರಗತಿ ಪಾಸಾಗಿರಬೇಕೋ ದೇವರಿಗೇ ಗೊತ್ತು.

ಒಂದು ವರ್ಷ ನಮ್ಮ ಶಾಲೆಯ ಕ್ರಾಫ್ಟ್ ಟೀಚರು ಅರ್ಧಕ್ಕೆ ಬಿಟ್ಟು ಹೋದರು. ಹೆಡ್ ಮೇಡಂ ನನ್ನ ಕೈಕೆಲಸ ನೋಡಿದವರು. ಮೂರು ತಿಂಗಳು ನೀನೇ ಕ್ಲಾಸ್ ನೋಡಿಕೋ ಎಂದರು. ಆ ಮೂರು ತಿಂಗಳು ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಮಕ್ಕಳು ನನ್ನನ್ನು ‘ಟೀಚರ್’ ಎಂದು ಕರೆಯುತ್ತಿದ್ದರು. ಗಂಟೆ ಹೊಡೆದು ಬಂದು, ಸೆರಗಿಗೆ ಕೈ ಒರೆಸಿಕೊಂಡು ಅದೇ ಕ್ಲಾಸಿಗೆ ಹೋಗಿ ನಿಲ್ಲುತ್ತಿದ್ದೆ. ವರ್ಷದ ಕೊನೆಗೆ ಮೇಡಂ ಕರೆದು ತಮ್ಮ ತೆಲುಗಿನಲ್ಲಿ ಸ್ಪಷ್ಟವಾಗಿ ಹೇಳಿದರು. ಕೆಲಸ ನಿನಗೇ ಕೊಡುವ ಮನಸ್ಸಿದೆ, ಆದರೆ ಫೈಲಿನಲ್ಲಿ ಹತ್ತನೆಯ ತರಗತಿಯ ಸರ್ಟಿಫಿಕೇಟ್ ಬೇಕು. ಬರುವ ಒಂದು ವರ್ಷ ಹೇಗೋ ನೂಕುತ್ತೇನೆ. ಅದರಾಚೆಯ ಜೂನ್‌ನಲ್ಲಿ ನಿನ್ನ ಹತ್ತಿರ ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳಲೇಬೇಕು.

ನನಗೆ ಆ ಕೆಲಸ ಬೇಕಿತ್ತು. ಮುಚ್ಚುಮರೆ ಯಾಕೆ, ಹಸಿದವಳಿಗೆ ಊಟ ಬೇಕಾದಂತೆ ಬೇಕಿತ್ತು. ಆ ಹೊತ್ತಿಗಾಗಲೇ ನಾನು ಓಪನ್ ಸ್ಕೂಲಿಗೆ ಹೆಸರು ಕೊಟ್ಟು, ಭಾನುವಾರದ ಕ್ಲಾಸುಗಳಿಗೆ ಹೋಗುತ್ತಿದ್ದೆ. ಅಲ್ಲಿ ಒಂದು ಕೈಕೆಲಸದ ವಿಷಯವನ್ನೂ ಆರಿಸಿಕೊಳ್ಳಬೇಕಿತ್ತು. ಟೇಲರಿಂಗ್ ಎಂದು ಬರೆದು ನಕ್ಕಿದ್ದೆ. ಇದಕ್ಕೂ ಪರೀಕ್ಷೆಯೇ?

ಪರೀಕ್ಷೆಯ ದಿನ ‘ರೆಕಾರ್ಡು, ಸ್ಯಾಂಪಲ್ಲು ತನ್ನಿ’ ಎಂದಿದ್ದರು. ನಾನು ಗಂಟು ಕಟ್ಟಿಕೊಂಡೇ ಹೋದೆ. ಎರಡು ಬ್ಲೌಸು, ಒಂದು ಲಂಗ, ಎಲ್ಲಕ್ಕಿಂತ ಮೇಲೆ ಒಂದು ಕುಂಚಿಗೆ. ಕುಂಚಿಗೆ ಎಂದರೆ ನಮ್ಮ ಕಡೆ ಕೂಸಿನ ತಲೆಗೆ ಹಾಕುವುದು. ಮುಂದೆ ಟೊಪ್ಪಿಗೆ, ಹಿಂದೆ ಬೆನ್ನು ಮುಚ್ಚುವಂತೆ ಇಳಿಬಿದ್ದ ಬಟ್ಟೆ. ತೊಟ್ಟಿಲಿಗೆ ಹಾಕುವ ದಿನ ಖಣದ ಕುಂಚಿಗೆ ಇಲ್ಲದೆ ಕೂಸನ್ನು ಹೊರಗೆ ತರುವುದಿಲ್ಲ. ಪರೀಕ್ಷಕಿ ದಪ್ಪ ಕನ್ನಡಕದ ಹೆಂಗಸು. ಗಂಟು ಬಿಚ್ಚಿದೊಡನೆ ಕುಂಚಿಗೆಯನ್ನು ಎತ್ತಿ ಹಿಂದೆ ಮುಂದೆ ನೋಡಿದರು. ಮೆಚ್ಚಿದರು ಅಂದುಕೊಂಡೆ.

“ಕೊಲತಲೇವಿ?” ಎಂದರು. ಅಳತೆ ಎಲ್ಲಿ ಎಂದು.

ನಾನು ಕೈ ಮುಂದೆ ಚಾಚಿ, ತೆಲುಗಿನಲ್ಲೇ, “ಇದರಲ್ಲೇ ಇದೆ ಮೇಡಂ” ಎಂದೆ.

ಅವರು ನಗಲಿಲ್ಲ. ಕಾಗದ, ಸ್ಕೇಲು, ಪೆನ್ಸಿಲು ಕೊಟ್ಟು ಎರಡು ವರ್ಷದ ಮಗುವಿನ ಫ್ರಾಕಿಗೆ ಮೊದಲು ನಕ್ಷೆ ಬರೆಯಿರಿ, ಆಮೇಲೆ ಕತ್ತರಿಸಿ ಎಂದರು. ನಾನು ಕಾಗದವನ್ನು ಪಕ್ಕಕ್ಕಿಟ್ಟು ಬಟ್ಟೆ ಹಾಸಿದೆ. ಉದ್ದಕ್ಕೆ ಎರಡು ಗೇಣು, ತೋಳಿಗೆ ನಾಲ್ಕು ಬೆರಳು. ಉಳಿದವರು ಗೆರೆ ಎಳೆಯುವಷ್ಟರಲ್ಲಿ ನನ್ನ ಫ್ರಾಕ್ ಹೊಲಿದು ಮುಗಿದಿತ್ತು. ಎದೆ ಉಬ್ಬಿಸಿಕೊಂಡು ಎಲ್ಲರಿಗಿಂತ ಮೊದಲು ಹೊರಬಂದೆ. ನಕ್ಷೆ, ಅಳತೆ ಬರೆದು ತರಬೇಕಿದ್ದ ರೆಕಾರ್ಡ್ ಪುಸ್ತಕಕ್ಕೆ ಸೊನ್ನೆ, ನಕ್ಷೆಗೆ ಸೊನ್ನೆ ಎಂದು ತಿಳಿದದ್ದು ಆಮೇಲೆ.

ಮಗಳು ಶಂಶಾಬಾದ್ ಏರ್‌ಪೋರ್ಟಿನಲ್ಲಿ ಕೆಲಸ ಮಾಡುತ್ತಾಳೆ, ನಾಲಿಗೆ ನನ್ನದೇ. ರಿಸಲ್ಟ್ ಬಂದ ದಿನ ನಾನು ಪಾತ್ರೆ ಕುಕ್ಕುತ್ತ, “ಆಕಿಗೆ ಕಣ್ಣ ಇಲ್ಲೇನ? ನನ್ನ ಕೈ ಎಂಥಾದ್ದಂತ ಬಟ್ಟಿ ನೋಡಿದ್ರ ಗೊತ್ತಾಗಂಗಿಲ್ಲೇನ?” ಎಂದು ಕೂಗಾಡಿದೆ.

“ಗೊತ್ತಾಗತೈತಿ ಅವ್ವಾ,” ಎಂದಳು. “ಆದ್ರ ನಿನ್ನ ಕೈ ನಿನ್ನ ಕೂಡನ ಮನಿಗೆ ಬಂತಲ್ಲ. ಇನ್ನೊಬ್ಬಾಕಿ ಅದನ್ನ ಹೊಲೀಬೇಕಂದ್ರ ಹೆಂಗ ಹೊಲೀಬೇಕು?”

ನಾನು ಅವಳ ಮೇಲೂ ರೇಗಿದೆ. ಆದರೆ ಮಾತು ಒಳಗೆ ಹೊಕ್ಕಿತ್ತು. ಏಕೆಂದರೆ ನನಗೊಂದು ವಿಷಯ ನೆನಪಾಗಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಆ ಮೂರು ತಿಂಗಳ ಕ್ಲಾಸಿನಲ್ಲಿ ಒಮ್ಮೆ ಮಕ್ಕಳಿಗೆ ಸಣ್ಣ ಚೀಲ ಹೊಲಿಯಲು ಹೇಳಿದ್ದೆ. ‘ಒಂದು ಗೇಣು ಅಗಲ, ಒಂದೂವರೆ ಗೇಣು ಉದ್ದ’ ಎಂದು ಕೈ ಎತ್ತಿ ತೋರಿಸಿದ್ದೆ. ಮಾರನೆಯ ದಿನ ಒಂದೊಂದು ಚೀಲ ಒಂದೊಂದು ಗಾತ್ರದ್ದು ಬಂತು. ಕೆಲವುಗಳಲ್ಲಿ ನೋಟ್‌ಬುಕ್ಕೂ ಹಿಡಿಸುತ್ತಿರಲಿಲ್ಲ. ನಾನು ಮಕ್ಕಳನ್ನೇ ಬೈದಿದ್ದೆ, ಲಕ್ಷ್ಯ ಕೊಟ್ಟು ಕೇಳುವುದಿಲ್ಲ ಎಂದು. ಪಾಪ, ಅವರು ಲಕ್ಷ್ಯ ಕೊಟ್ಟೇ ಕೇಳಿದ್ದರು.

ಆ ಸಂಜೆ ಮಷೀನಿನ ಡ್ರಾಯರಿನಿಂದ ಟೇಪು ತೆಗೆದೆ. ಅಲ್ಲಿಯವರೆಗೆ ಅದಕ್ಕೆ ಕೆಲಸವೇ ಇರಲಿಲ್ಲ. ಬ್ಲೌಸು ಹೊಲಿಸಲು ಬರುವವರು ಅಳತೆಗೆ ಹಳೆಯ ಬ್ಲೌಸು ತರುತ್ತಾರೆ, ಉಳಿದದ್ದಕ್ಕೆ ಗೇಣು ಇದ್ದೇ ಇದೆ. ಟೇಪನ್ನು ನೆಲಕ್ಕೆ ಹಾಸಿ, ಅದರ ಮೇಲೆ ಕೈ ಅಗಲಿಸಿ ಇಟ್ಟೆ. ಹೆಬ್ಬೆರಳಿಂದ ಕಿರುಬೆರಳಿನವರೆಗೆ ಎಂಟು ಇಂಚು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

ಅಷ್ಟರಲ್ಲಿ ಇನ್ನೊಂದು ಹಳೆಯ ಮುಳ್ಳು ಚುಚ್ಚಿತು. ಕುಂಚಿಗೆ ಹೊಲಿಯುವುದನ್ನು ನನಗೆ ಕಲಿಸಿದವಳು ನನ್ನ ಅವ್ವ. ಉದ್ದಕ್ಕೆ ಮೂರು ಗೇಣು ಎಂದು ಕಲಿಸಿದ್ದಳು, ನಾನು ಮೂರು ಗೇಣನ್ನೇ ಇಡುತ್ತಿದ್ದೆ. ಆದರೂ ಅವಳು ಹೊಲಿದದ್ದು ಕೂಸಿಗೆ ವರ್ಷ ತುಂಬುವವರೆಗೆ ಬರುತ್ತಿತ್ತು. ನನ್ನದು ಆರು ತಿಂಗಳಿಗೇ ಮೊಟಕಾಗುತ್ತಿತ್ತು. ಬಂಧುಗಳೆಲ್ಲ ಕುಂಚಿಗೆಯನ್ನು ಎಳೆದು ನೋಡಿ, “ಹೊಲಿಗಿ ಚಂದ ಐತಿ, ಖರೆ. ಆದ್ರ ಅವ್ವನ ಕೈ ಬರಲಿಲ್ಲ ಬಿಡು” ಎನ್ನುತ್ತಿದ್ದರು. ಮೂವತ್ತು ವರ್ಷ ನಾನು ಅದನ್ನು ನುಂಗಿಕೊಂಡಿದ್ದೆ. ನನ್ನ ಕೈಯಲ್ಲೇ ಏನೋ ಕೊರತೆ ಇದೆ ಎಂದು ನಂಬಿಯೂ ಇದ್ದೆ.

ತಮ್ಮನ ಮನೆಗೆ ಫೋನ್ ಹಚ್ಚಿದೆ. ಅವ್ವ ಅಲ್ಲೇ ಇರುತ್ತಾಳೆ, ಎಂಬತ್ತು ದಾಟಿದರೂ ಮನೆಯವರನ್ನೆಲ್ಲ ಕುಣಿಸುತ್ತಾಳೆ.

“ಅವ್ವಾ, ನಿನ್ನ ಗೇಣು ಎಷ್ಟ ಇಂಚ ಐತಿ, ಅಳದು ಹೇಳು.”

“ಏ ಹುಚ್ಚಿ, ತಲಿ ನೆಟ್ಟಗ ಐತೇನ ನಿಂದು? ಊಟಾ ಆತಿಲ್ಲೋ ಅಂತ ಕೇಳೂದು ಬಿಟ್ಟು ಗೇಣು ಕೇಳಾಕತ್ತೀಯಲ್ಲ!”

“ಊಟಾ ಆಮ್ಯಾಲ ಕೇಳ್ತೀನಿ. ಮೊದಲ ಕೈ ಅಳಸಿಕೋ.”

ತಮ್ಮನ ಹೆಂಡತಿ ಟೇಪು ಹುಡುಕಿ ತಂದಳು. ಅವ್ವನ ಬೆರಳು ಈಗ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಒತ್ತಿ ಹಿಡಿದು ಅಳೆದಳಂತೆ. “ಒಂಬತ್ತು ಐತಿ ನೋಡ್ರಿ ಅಕ್ಕಾರ,” ಎಂದಳು.

ಒಂಬತ್ತು! ಮೂರು ಗೇಣಿಗೆ ಮೂರು ಇಂಚು ವ್ಯತ್ಯಾಸ. ನನ್ನ ಕೈಯಲ್ಲಿ ಕೊರತೆ ಇರಲಿಲ್ಲ, ಕೈ ಚಿಕ್ಕದಿತ್ತು ಅಷ್ಟೆ. ನಾಪಾಸಾದ ದಿನ ಬಾರದ ಅಳು ಆಗ ಬಂತು. ಫೋನಿನಲ್ಲಿ ಅವ್ವ, “ಯಾಕ, ಏನಾತು? ಅಳಿಯಂದ್ರು ಛಲೋ ಅದಾರಿಲ್ಲೋ?” ಎಂದು ಗಾಬರಿಯಾದಳು. ಎಲ್ಲರೂ ಚೆನ್ನಾಗಿದ್ದಾರೆ ಅವ್ವಾ, ನಾನು ಎಲ್ಲರಿಗಿಂತ ಚೆನ್ನಾಗಿದ್ದೇನೆ ಎಂದೆ.

ಮರುದಿನದಿಂದ ಹಲ್ಲು ಕಚ್ಚಿ ಕೂತೆ. ಟೇಪಿನಿಂದ ಮೊದಲು ನನ್ನ ಕೈಯನ್ನು ಪೂರ್ತಿ ಓದಿದೆ: ನಾಲ್ಕು ಬೆರಳಿಗೆ ಮೂರು ಇಂಚು, ಗೇಣಿಗೆ ಎಂಟು. ಆಮೇಲೆ ಕಂದು ಕಾಗದದ ಮೇಲೆ ಗೆರೆ. ಆಹಾ, ಆ ಗೆರೆಗಳು! ಮೊದಮೊದಲು ಒಂದೂ ನೆಟ್ಟಗೆ ಬರಲಿಲ್ಲ. ಕತ್ತರಿ ಹಿಡಿದರೆ ನೆಟ್ಟಗೆ ಹೋಗುವ ಕೈ ಪೆನ್ಸಿಲು ಹಿಡಿದರೆ ಸೊಟ್ಟಗೆ ಹೋಗುತ್ತಿತ್ತು. ಮಗಳು ಕೆಲಸದಿಂದ ಬಂದು, “ಅವ್ವಾ, ಈ ತೋಳು ಆನಿಗೇನ?” ಎಂದು ಕಾಡುತ್ತಿದ್ದಳು. ರೆಕಾರ್ಡನ್ನು ತೆಲುಗಿನಲ್ಲಿ ಬರೆದೆ, ಪ್ರತಿ ನಕ್ಷೆಯ ಎದುರು ಅಂಗೈ ಅಗಲದ ಪುಟ್ಟ ಬಟ್ಟೆ ಹೊಲಿದು ಅಂಟಿಸಿದೆ. ಕೊನೆಯ ಪುಟ ಖಾಲಿ ಉಳಿದಿತ್ತು. ಅಲ್ಲಿ ಯಾರೂ ಕೇಳದಿದ್ದರೂ ಕುಂಚಿಗೆಯ ನಕ್ಷೆ ಬರೆದೆ. ಉದ್ದ ಇಪ್ಪತ್ತೇಳು ಇಂಚು. ಅದು ಅವ್ವನ ಮೂರು ಗೇಣು.

ಎರಡನೆಯ ಸಲದ ಪರೀಕ್ಷೆಗೆ ಹೋದರೆ ಅದೇ ದಪ್ಪ ಕನ್ನಡಕ! ಇದೇ ಕೊನೆಯ ಅವಕಾಶ, ಇದು ತಪ್ಪಿದರೆ ಜೂನ್‌ನಲ್ಲಿ ಬೇರೆ ಯಾರೋ ನನ್ನ ಕ್ಲಾಸಿನಲ್ಲಿ ನಿಂತಿರುತ್ತಾರೆ, ನಾನು ಅವರಿಗೆ ಗಂಟೆ ಹೊಡೆಯುತ್ತಿರುತ್ತೇನೆ. ಚೀಟಿ ಎತ್ತಿದೆ. ಆರು ತಿಂಗಳ ಕೂಸಿನ ಝಬಲಾ. ಈ ಸಲ ಬಟ್ಟೆಯನ್ನು ಮುಟ್ಟಲೇ ಇಲ್ಲ, ಮೊದಲು ಕಾಗದ. ಗೆರೆ ಎಳೆದೆ, ಅಳತೆ ಬರೆದೆ, ಹೊಲಿಗೆಗೆ ಬಿಡುವ ಅರ್ಧ ಇಂಚನ್ನೂ ಗುರುತು ಹಾಕಿದೆ. ಎಲ್ಲರಿಗಿಂತ ಕೊನೆಗೆ ಮುಗಿಸಿದವಳು ನಾನೇ.

ಪರೀಕ್ಷಕಿ ರೆಕಾರ್ಡನ್ನು ಪುಟ ಪುಟವಾಗಿ ತಿರುವಿ ಕೊನೆಯ ಪುಟದಲ್ಲಿ ನಿಂತರು.

“ಇದು ಸಿಲಬಸ್ಸಿನಲ್ಲಿ ಇಲ್ಲವಲ್ಲಮ್ಮಾ?” ಎಂದು ತೆಲುಗಿನಲ್ಲಿ ಕೇಳಿದರು.

“ಇಲ್ಲ ಮೇಡಂ. ನಮ್ಮಲ್ಲಿದೆ.”

“ಕಲಿಯುವವಳ ಹತ್ತಿರ ಟೇಪೇ ಇಲ್ಲದಿದ್ದರೆ ಇದನ್ನು ಹೇಗೆ ಹೊಲಿಯುತ್ತಾಳೆ?”

“ಒಂದು ಸಲ ಟೇಪು ಎರವಲು ತಂದು ತನ್ನ ಗೇಣು ಅಳೆದುಕೊಳ್ಳಲಿ. ಆಮೇಲೆ ಜೀವನಪೂರ್ತಿ ಟೇಪು ಅವಳ ಹತ್ತಿರವೇ ಇರುತ್ತದೆ. ನನ್ನದು ಎಂಟು ಇಂಚು, ಬೇಕಾದರೆ ನೋಡಿ.”

ಮೇಜಿನ ಮೇಲೆ ಕೈ ಅಗಲಿಸಿಟ್ಟೆ. ಅವರು ನಿಜವಾಗಿಯೂ ಟೇಪು ಹಿಡಿದು ಅಳೆದರು. ಎಂಟು. ಆಮೇಲೆ ಏನನ್ನಿಸಿತೋ, ತಮ್ಮ ಕೈಯನ್ನೂ ಟೇಪಿನ ಮೇಲೆ ಇಟ್ಟರು. “ಏಳೂವರೆ,” ಎಂದು ನಕ್ಕರು. ಆ ಕನ್ನಡಕದ ಹಿಂದೆ ನಗುವೂ ಇದೆ ಎಂದು ನನಗೆ ಅಂದೇ ಗೊತ್ತಾದದ್ದು.

ಪಾಸಾದೆ. ಪಾಸು ಎಂದರೆ ಏನು ಹೇಳಲಿ, ಟೇಲರಿಂಗಿನಲ್ಲಿ ಬಂದ ಅಂಕ ಉಳಿದ ಎಲ್ಲ ವಿಷಯಗಳಿಗಿಂತ ಮೇಲೆ! ಮಾರ್ಕ್ಸ್ ಮೆಮೋ ಕೈಗೆ ಬಂದ ದಿನ ಗಲ್ಲಿಗೆಲ್ಲ ಪೇಢೆ ಹಂಚಿದೆ. ಮೇಡಂ ಅದನ್ನು ಫೈಲಿಗೆ ಹಾಕಿಕೊಂಡು ಎದ್ದು ನಿಂತು ಕೈ ಕುಲುಕಿದರು. ಜೂನ್‌ನಲ್ಲಿ ಶಾಲೆ ತೆರೆದಾಗ ಗಂಟೆ ಹೊಡೆಯಲು ಹೊಸ ಆಯಾ ಬಂದಿದ್ದಳು. ಗಂಟೆ ಆದೊಡನೆ ಅಭ್ಯಾಸಬಲದಿಂದ ನೀರಿನ ಡ್ರಮ್ಮಿನ ಕಡೆ ಹೊರಟಿದ್ದೆ, ನಡುವೆ ನೆನಪಾಗಿ ತಿರುಗಿ ಕ್ಲಾಸಿಗೆ ಹೋದೆ. ಮೊದಲ ಪಾಠ, ಎಲ್ಲರೂ ಸ್ಕೇಲಿನ ಮೇಲೆ ಕೈ ಇಟ್ಟು ತಮ್ಮ ತಮ್ಮ ಗೇಣನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆಯುವುದು.

ಸಂಕ್ರಾಂತಿ ಬಂತು, ತಾಯಂದಿರೂ ಬಂದರು. ಮಗಳನ್ನು ನಮ್ಮ ಶಾಲೆಗೇ ಹಾಕಿದ್ದ ಎದುರು ಮನೆಯಾಕೆಗೆ, “ಬಟ್ಟಿ ಅಲ್ಲ, ಹುಡುಗೀನ ಕಳಸ್ರಿ” ಎಂದೆ. ಹುಡುಗಿ ಬಂದಳು, ಮೂತಿ ಊದಿಸಿಕೊಂಡು ಕೂತಳು, ಬೆರಳು ಚುಚ್ಚಿಕೊಂಡಳು, ಮೂರು ಸಲ ಬಿಚ್ಚಿದಳು. ಅವಳ ಕರ್ಚೀಫಿನ ಒಂದು ಮೂಲೆ ಸೊಟ್ಟಗಾಯಿತು. ನಾನು ‘ಬಿ’ ಕೊಟ್ಟೆ. ಹುಡುಗಿ ಅದನ್ನು ಯಾರಿಗೂ ಮುಟ್ಟಲು ಕೊಡದೆ ಇಡೀ ಶಾಲೆಗೆ ತೋರಿಸಿಕೊಂಡು ಬಂದಳು. ತಾಯಿ ಮಾತ್ರ ಸಂಜೆ ನನ್ನ ಬಾಗಿಲಿಗೆ ಬಂದು ನಿಂತಳು.

“ಏನ್ರಿ ಅಕ್ಕಾರ, ಹಿಂಗ ಮಾಡೂದಾ? ನೀವು ಹೊಲದಿದ್ರ ‘ಎ’ ಬರ್ತಿತ್ತಲ್ರಿ.”

“ಬರ್ತಿತ್ರಿ,” ಎಂದೆ. “ಆದ್ರ ಅದು ನಂದಾಗ್ತಿತ್ತು. ನಂದು ನನಗ ಬಂದೈತಿ.”