ಮೂರೇಟಿನ ಕುಣಿ

ನಮ್ಮ ಮನೆಯ ಟಿವಿಯಲ್ಲಿ ಗಾಲ್ಫ್ ಕಾಣಿಸಿತೆಂದರೆ ರಿಮೋಟಿನ ಸೆಲ್ ಮುಗಿದಿದೆ ಎಂದೇ ಅರ್ಥ. ಬೇರೆ ಚಾನೆಲ್ಲಿಗೆ ಹೋಗಲಾರದ ಆ ಅಸಹಾಯಕ ಗಳಿಗೆಯಲ್ಲಿ ನಾನು ಎಷ್ಟೋ ಸಲ ಆ ಹಸಿರು ಬಯಲನ್ನು ನೋಡಿದ್ದೇನೆ. ಒಬ್ಬ ಮನುಷ್ಯ ಚೆಂಡು ಹೊಡೆಯುತ್ತಾನೆ, ಅದು ಎಲ್ಲಿ ಹೋಯಿತೋ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆಮೇಲೆ ಅವನು ಬಹಳ ಹೊತ್ತು ನಡೆಯುತ್ತಾನೆ. ನಡೆಯುವುದಕ್ಕೆ ಡಾಕ್ಟರು ಹೇಳಿದ್ದರೆ ಸುಮ್ಮನೆ ನಡೆಯಬಾರದೇ, ಮುಂದೆ ಒಂದು ಚೆಂಡು ಯಾಕೆ ಬೇಕು ಎಂದು ನನ್ನ ತಕರಾರು. ರಾಯಚೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವಳಿಗೆ ಇದಕ್ಕಿಂತ ಹೆಚ್ಚಿನ ಗಾಲ್ಫ್ ಜ್ಞಾನದ ಅಗತ್ಯವೂ ಇರಲಿಲ್ಲ.

ನಮ್ಮಕ್ಕ ಶಾಂತಕ್ಕ ನಿವೃತ್ತಳಾಗಿ ಊರಿಗೆ ಬಂದಾಗ ಆ ಅಗತ್ಯ ಬಂತು. ಅಕ್ಕ ಹದಿಹರೆಯದಲ್ಲೇ ನರ್ಸಿಂಗ್ ಓದಲು ನಮ್ಮೂರು ಮಸರಕಲ್ ಬಿಟ್ಟವಳು. ಮಿಲಿಟರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತ ದೇಶವನ್ನೆಲ್ಲ ಸುತ್ತಿ ದೊಡ್ಡ ಹುದ್ದೆಗೇರಿದಳು. ಮದುವೆಯ ಕಡೆ ತಲೆ ಹಾಕಲಿಲ್ಲ. ಬರುವಾಗ ಒಂದು ಟ್ರಂಕು, ಒಂದು ಬುದ್ಧನ ಮೂರ್ತಿ, ಮತ್ತೆ ಅವಳ ಎದೆಮಟ್ಟ ಬರುವ ಒಂದು ಉದ್ದನೆಯ ಚೀಲ ತಂದಿದ್ದಳು. ನಾವಿಬ್ಬರೂ ಊರಿಗೆಂದು ರಾಯಚೂರಿನಿಂದ ದೇವದುರ್ಗದ ಬಸ್ಸು ಹತ್ತಿದಾಗ ಕಂಡಕ್ಟರ್ ಆ ಚೀಲವನ್ನು ಅನುಮಾನದಿಂದ ನೋಡಿದ.

"ಯಕ್ಕಾ, ಏನದರೀ ಇದರಾಗ? ಬಂದೂಕ ಅಲ್ಲಲ್ಲ?"

"ಆಟದ ಸಾಮಾನಪ್ಪ," ಎಂದಳು ಅಕ್ಕ.

ಅವನು ಅವಳ ಬೆಳ್ಳಿಗೂದಲನ್ನೂ ಸೀರೆಯ ಕೆಳಗಿನ ಕ್ಯಾನ್ವಾಸ್ ಶೂಗಳನ್ನೂ ನೋಡಿ, ಬಂದೂಕೇ ಇದ್ದರೆ ಚೆನ್ನಾಗಿತ್ತು ಎನ್ನುವ ಮುಖ ಮಾಡಿಕೊಂಡು ಟಿಕೆಟ್ ಹರಿದ.

ಆ ಪಯಣದಲ್ಲಿಯೇ ಅಕ್ಕ ನನಗೆ ಮೊದಲ ಪಾಠ ಹೇಳಿದ್ದು. ಗಾಲ್ಫಿನಲ್ಲಿ ಚೆಂಡು ಬೀಳಬೇಕಾದ ಅಂಗೈಯಗಲದ ಗುಂಡಿಗಳಿರುತ್ತವೆ, ಗುರುತಿಗೆ ಒಂದೊಂದರಲ್ಲೂ ಒಂದು ಬಾವುಟ. ಗುಂಡಿಗೂ, ಹೊಡೆಯುವ ಜಾಗದಿಂದ ಅಲ್ಲಿಯವರೆಗಿನ ದಾರಿಗೂ ಅಕ್ಕ ಕುಣಿ ಎಂದೇ ಅನ್ನುತ್ತಿದ್ದಳು. ಒಂದೊಂದನ್ನೂ ಇಷ್ಟು ಏಟುಗಳಲ್ಲಿ ಮುಗಿಸಬೇಕೆಂಬ ಲೆಕ್ಕವಿದೆ. ಅವುಗಳಲ್ಲಿ ಎಲ್ಲಕ್ಕಿಂತ ಗಿಡ್ಡದ್ದು ಮೂರೇಟಿನದು. ಒಂದು ಏಟಿಗೆ ಬಾವುಟದ ಅಂಗಳ ಸೇರುವುದು, ಇನ್ನೆರಡರಲ್ಲಿ ಗುಂಡಿಗೆ ಬೀಳಿಸುವುದು. ಅಷ್ಟೇ. ಅಕ್ಕನಿಗೆ ಇಡೀ ಆಟದಲ್ಲಿ ಹುಚ್ಚು ಹಿಡಿಸಿದ್ದು ಆ ಗಿಡ್ಡದ್ದೇ.

"ಉದ್ದನ್ನ ಕುಣಿ ರಟ್ಟಿ ಕೇಳ್ತದ, ಸಾವಿ," ಎಂದಳು. "ಸಣ್ಣದು ಏನ್ ಕೇಳ್ತದ ಅನ್ನೋದು ಹೊಡಿಯೋತನಾ ಗೊತ್ತಾಗಂಗಿಲ್ಲ. ಎಲ್ಲಾ ಕಣ್ಣಮುಂದ ಅದ. ಕೂಗಿದ್ರ ಕೇಳಿಸೋ ಅಷ್ಟು ಹತ್ರ. ಆದ್ರೂ ಏಟು ತಪ್ತದ."

ನಾನು ಹೂಂಗುಟ್ಟಿ ಕಿಟಕಿಯ ಹೊರಗಿನ ಭತ್ತದ ಗದ್ದೆ ನೋಡಿದೆ. ಕನ್ನಡದಲ್ಲಿ ಕೂಗಳತೆ ಎಂಬ ಒಳ್ಳೆಯ ಮಾತಿದೆ. ಮೀಟರು, ಗಜ ಯಾವುದೂ ಹೇಳಲಾರದ್ದನ್ನು ಅದು ಹೇಳುತ್ತದೆ. ಅಷ್ಟು ದೂರದಲ್ಲಿ ಒಬ್ಬ ಮನುಷ್ಯನಿದ್ದಾನೆ, ಕರೆದರೆ ತಿರುಗಿ ನೋಡುತ್ತಾನೆ ಎನ್ನುವುದು ಅದರೊಳಗೇ ಇದೆ.

ಆದರೆ ಊರಿನಲ್ಲಿ ಅಕ್ಕನನ್ನು ಯಾರೂ ಕೂಗುತ್ತಿರಲಿಲ್ಲ. ಎಲ್ಲರಿಗೂ ಅವಳು ಮೇಡಂ. ಬಿಪಿ ನೋಡಿಸಿಕೊಳ್ಳಲು ಬರುತ್ತಿದ್ದರು, ಮಗಳ ಓದಿನ ಬಗ್ಗೆ ಕೇಳಲು ಬರುತ್ತಿದ್ದರು. ಬಂದವರು ಕುರ್ಚಿಯ ತುದಿಯಲ್ಲಿ ಕೂತು, ಕೆಲಸ ಮುಗಿದ ಕೂಡಲೇ "ಬರ್ತೀವ್ರಿ ಮೇಡಂ" ಎಂದು ಏಳುತ್ತಿದ್ದರು. ಕೂಲಿಯವರ ಓಣಿಯ ಹುಡುಗಿ ಇಷ್ಟು ಮೇಲೆ ಬಂದಳೆಂಬ ಹೆಮ್ಮೆ ಎಲ್ಲರಿಗೂ ಇತ್ತು. ಹೆಮ್ಮೆಯ ಜೊತೆ ಹರಟೆ ಹೊಡೆಯಲು ಮಾತ್ರ ಯಾರಿಗೂ ಬರಲಿಲ್ಲ.

ಅವಳಿಗೆ ಬೇಕಾಗಿದ್ದವಳು ರುಕ್ಮಾ. ಊರ ಗುಡಿಯ ಅರ್ಚಕರ ಮಗಳು, ಅಕ್ಕನ ಶಾಲೆಯ ಗೆಳತಿ. ಇಬ್ಬರೂ ಶಾಲೆಯ ಗೋಡೆಯ ಹಿಂದೆ ಗಂಡುಹುಡುಗರ ಗೋಲಿ ಗೆದ್ದು ಅವರನ್ನು ಅಳಿಸುತ್ತಿದ್ದರಂತೆ. ಗೋಡೆ ದಾಟಿದ ಮೇಲೆ ಅವರವರ ಓಣಿ ಅವರವರಿಗೆ. ನಮ್ಮ ಮನೆಯ ಹೊಸ್ತಿಲು ರುಕ್ಮಾ ಕಂಡವಳಲ್ಲ, ಅವರ ಮನೆಯ ಕಟ್ಟೆ ಅಕ್ಕ ಹತ್ತಿದವಳಲ್ಲ. ಆಗ ಅದನ್ನು ಯಾರೂ ದೊಡ್ಡ ವಿಷಯವೆಂದು ತಿಳಿಯಲಿಲ್ಲ, ಅದೇ ದೊಡ್ಡ ವಿಷಯ. ರುಕ್ಮಾ ಮಾನ್ವಿಯಲ್ಲಿ ಟೀಚರಾಗಿದ್ದು, ನಿವೃತ್ತಿಯ ನಂತರ ಅಣ್ಣನ ಮನೆಗೆ, ಮಸರಕಲ್ಲಿಗೇ ಬಂದು ನೆಲೆಸಿದ್ದರು. ಅಕ್ಕ ಹುಡುಕಿಕೊಂಡು ಹೋದಳು. ಗುಡಿಯ ಮುಂದೆಯೇ ಸಿಕ್ಕ ರುಕ್ಮಾ ಕೈಮುಗಿದು, "ಆರಾಮಿದ್ದೀರೇನ್ರೀ ಮೇಡಂ? ಭಾಳ ಸಂತೋಷ ಆತು ನಿಮ್ಮನ್ನ ನೋಡಿ," ಎಂದರು.

ಅಕ್ಕ ಅಂದು ಸರಿಯಾಗಿ ಊಟ ಮಾಡಲಿಲ್ಲ. ಮನುಷ್ಯರನ್ನು ದೂರ ಕೂರಿಸಲು ಬೈಗುಳವೇ ಬೇಕಿಲ್ಲ, ಮರ್ಯಾದೆಯೂ ಸಾಕಾಗುತ್ತದೆ ಎಂದು ನನಗೆ ಹೊಳೆದದ್ದು ಆ ಊಟದ ತಟ್ಟೆಯ ಮುಂದೆ.

ಹೊಲದ ಕೆಲಸ ಹುಟ್ಟಿದ್ದು ಆಮೇಲೆ. ನಮ್ಮ ತಮ್ಮ ಮಲ್ಲೇಶಿಯ ಹತ್ತಿ ಹೊಲದ ಪಕ್ಕ ಒಂದು ತುಂಡು ಗರಸು ಭೂಮಿ ಇದೆ. ಬರೀ ಕಲ್ಲುಹರಳಿನ ಇಳಿಜಾರು, ನಡುವೆ ಸೊಂಟದೆತ್ತರದ ಒಂದು ಬಂಡೆ. "ಅಲ್ಲಿ ಜಾಲಿ ಬಿಟ್ರ ಏನೂ ಬೆಳೆಯಂಗಿಲ್ಲಕ್ಕ. ತಗೋ, ಏನ್ ಬೇಕಾದ್ದು ಮಾಡು," ಎಂದ. ಅಕ್ಕ ಅಲ್ಲಿ ಒಂದೇ ಒಂದು ಮೂರೇಟಿನ ಕುಣಿ ಮಾಡಿದಳು. ಹುಲ್ಲು ಬೆಳೆಸುವ ಮಾತೇ ಇರಲಿಲ್ಲ. ರಾಶಿ ಮಾಡಲು ಕಣ ಮಾಡುತ್ತಾರಲ್ಲ, ಹಾಗೆ ನೆಲ ಹದಮಾಡಿ, ಕಲ್ಲಿನ ಗುಂಡು ಉರುಳಿಸಿ, ಸೆಗಣಿ ಸಾರಿಸಿ, ಮೇಲೆ ಸಣ್ಣ ಉಸುಕು ಉದುರಿಸಿ ಸಪಾಟಾದ ಅಂಗಳ ಸಿದ್ಧವಾಯಿತು. ಹಳೆಯ ಕೆಂಪು ಸೀರೆಯ ಚೂರು ಬಾವುಟವಾಯಿತು. ನಮ್ಮ ಕಡೆ ಹೆಣ ಹೂಳುವ ಗುಂಡಿಗೂ ಕುಣಿ ಎಂದೇ ಹೆಸರು. ಹೀಗಾಗಿ "ಮೇಡಂ ಹೊಲದಾಗ ಕುಣಿ ತೋಡ್ಯಾರಂತ" ಎಂಬ ಸುದ್ದಿ ಹಬ್ಬಿ, ಇಬ್ಬರು ಮುದುಕರು ಯಾರು ಹೋದರೆಂದು ವಿಚಾರಿಸಲು ಬಂದರು.

ಮೊದಲ ಭಾನುವಾರ ಜನ ಸೇರಿದರು. ಜೋರಾಗಿ ಹೊಡೆದವರ ಚೆಂಡು ಗಟ್ಟಿ ಅಂಗಳದ ಮೇಲೆ ಪುಟಿದು ಜಾಲಿಯೊಳಗೆ ಹೋಯಿತು. ಮೆಲ್ಲಗೆ ಹೊಡೆದವರದು ಹರಳಿನಲ್ಲಿ ಸಿಕ್ಕಿಬಿತ್ತು. "ಇದೇನ್ರಿ ಮೇಡಂ, ಹೊಡಿ, ಹುಡುಕು, ಹೊಡಿ, ಹುಡುಕು," ಎಂದು ಒಬ್ಬ ಚೆಂಡು ವಾಪಸು ಕೊಟ್ಟ. ರುಕ್ಮಾ ದೂರದ ಬದುವಿನ ಮೇಲೆ ನಿಂತು ನೋಡಿದರು. "ಛಲೋ ಅದರೀ ಮೇಡಂ," ಎಂದು ಹೊರಟುಹೋದರು. ಆ ಹೊಗಳಿಕೆ ಅಕ್ಕನಿಗೆ ಎಲ್ಲ ದೂರುಗಳಿಗಿಂತ ಹೆಚ್ಚು ನೋವು ಕೊಟ್ಟಿತು. ಮುಂದಿನ ಭಾನುವಾರ ಯಾರೂ ಬರಲಿಲ್ಲ. ಅಕ್ಕ ಕೋಲುಗಳನ್ನು ಚೀಲಕ್ಕೆ ತುಂಬಿದಳು. "ಜಾಲಿನ ಬೆಳೀಲಿ ಬಿಡು," ಎಂದಳು.

ಆ ವಾರ ಭಾರಿ ಮಳೆ ಹೊಡೆಯಿತು. ಮಲ್ಲೇಶಿ ಫೋನು ಮಾಡಿ ಅಂಗಳ ಕಿತ್ತುಹೋಗುತ್ತಿದೆ ಎಂದ. ರಜೆಗೆ ಬಂದಿದ್ದ ನಾನೂ ಅಕ್ಕನೂ ಒಂದೇ ಕೊಡೆಯಡಿ ಹೊಲಕ್ಕೆ ಹೋದೆವು. ನಮ್ಮ ಸಪಾಟು ಅಂಗಳದ ಮೇಲೆ ನೀರು ಮಂಕು ಹಿಡಿದು ನಿಂತಿತ್ತು, ಅಂಚು ಒಡೆದಿತ್ತು. ಅಯ್ಯೋ ಎನ್ನಬೇಕೆಂದು ನಾನು ಬಾಯಿ ತೆರೆದೆ. ಅಕ್ಕ ನನ್ನ ತೋಳು ಹಿಡಿದಳು.

"ಸಾವಿ, ಅಲ್ಲಿ ನೋಡು. ನೀರು ಆಡಾಕತ್ತದ."

ಇಳಿಜಾರಿನ ತಲೆಯಿಂದ ಒಂದು ಕೆಂಪು ಹರಿವು ಇಳಿದುಬರುತ್ತಿತ್ತು. ನೇರ ಬಂದು ಬಂಡೆಗೆ ಬಡಿಯುತ್ತದೆ ಎನ್ನುವಷ್ಟರಲ್ಲಿ ಮನಸ್ಸು ಬದಲಿಸಿದ ಹಾಗೆ ಎಡಕ್ಕೆ ಸರಿಯಿತು. ಬಂಡೆಯನ್ನು ದೊಡ್ಡ ಬಳಸಿನಲ್ಲಿ ಸುತ್ತಿತು, ಅಲ್ಲಿ ನಿಧಾನವಾಯಿತು. ಮತ್ತೆ ಬಲಕ್ಕೆ ಹೊರಳಿ, ಬಂಡೆಯ ಹಿಂದಿನ ತಗ್ಗಿನಲ್ಲಿ ಒಂದು ಸುತ್ತು ಸುತ್ತಿ ತಣ್ಣಗೆ ನಿಂತಿತು. ಅದರ ಬೆನ್ನಿಗೇ ಒಂದು ಜಾಲಿ ಕಾಯಿ ತೇಲಿ ಬಂದು ಅದೇ ದಾರಿಯಲ್ಲಿ ಸಾಗಿ, ಅದೇ ತಗ್ಗಿಗೆ ಇಳಿಯಿತು. ಅಕ್ಕ ಕೊಡೆ ಬಿಟ್ಟು ಮಳೆಯಲ್ಲಿಯೇ ಹೋಗಿ ನೀರಿನ ದಾರಿಗುಂಟ ಗೂಟ ಹುಗಿಯತೊಡಗಿದಳು.

ತರಗತಿಯಲ್ಲಿ ನಾನು ಅದ್ಭುತ ರಸದ ಪಾಠ ಮಾಡುತ್ತ ಬಂದಿದ್ದೇನೆ. ಅದರ ಸ್ಥಾಯೀಭಾವ ವಿಸ್ಮಯ, ಕಣ್ಣರಳುವುದು, ರೋಮಾಂಚವಾಗುವುದು ಅದರ ಕುರುಹು ಎಂದು ಬರೆಸುತ್ತೇನೆ. ಬರೆಸುವಾಗ ನನಗೆ ಆಕಳಿಕೆ ಬರುವುದೂ ಉಂಟು. ಅಂದು ನೆನೆದ ಸೀರೆಯಲ್ಲಿ ನಿಂತಾಗ ಮೈಮೇಲೆ ಎದ್ದದ್ದು ಚಳಿಗೆ ಎಂದು ನಾನು ಈಗಲೂ ಒಪ್ಪುವುದಿಲ್ಲ.

ಹೊಸ ಅಂಗಳ ಆ ತಗ್ಗಿನಲ್ಲಿ ಎದ್ದಿತು, ಸ್ವಲ್ಪ ವಾಲಿಕೊಂಡು. ಹೊಡೆಯುವ ಜಾಗವನ್ನು ಎತ್ತರಿಸಿದ್ದರಿಂದ ಬಂಡೆಯ ತಲೆಯ ಮೇಲಿಂದ ಬಾವುಟ, ಕುಣಿ ಎಲ್ಲ ಕಾಣುತ್ತಿದ್ದವು. ಬಂಡೆಗೂ ಅಂಗಳಕ್ಕೂ ನಡುವೆ ಒಂದು ಉಸುಕಿನ ಗುಂಡಿ. ಎಡಗಡೆ ನೀರಿನ ದಾರಿಯಲ್ಲಿ ಹರಳು ಆರಿಸಿ ನುಣುಪು ಮಾಡಿ, ಹೊರಅಂಚಿಗೆ ಮಣ್ಣಿನ ಒಡ್ಡು ಹಾಕಿದಳು. ಈಗ ಎದೆಗಾರಿಕೆ ಇದ್ದವರು ಬಂಡೆಯ ಮೇಲಿಂದ ನೇರ ಬಾವುಟಕ್ಕೆ ಹೊಡೆಯಬಹುದು. ತಪ್ಪಿದರೆ ಉಸುಕು. ಸಾವಧಾನ ಇದ್ದವರು ಚೆಂಡನ್ನು ನೆಲದ ಮೇಲೆಯೇ ಬಳಸುದಾರಿಗೆ ಬಿಡಬಹುದು. ಅಪಾಯವನ್ನು ಬಚ್ಚಿಟ್ಟಿಲ್ಲ, ಆಸೆಯನ್ನೂ ಬಚ್ಚಿಟ್ಟಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು, ನಿನ್ನ ಮನಸ್ಸು ಯಾವುದು ಎಂದು ಈ ಕುಣಿ ಕೇಳುತ್ತದೆ. ನಮ್ಮ ಹೆಣ್ಣುಮಕ್ಕಳು ಬೀಸುವಾಗ ಹಾಡುವ ತ್ರಿಪದಿ ನೆನಪಾಯಿತು. ಮೂರೇ ಸಾಲು, ಅಷ್ಟರಲ್ಲೇ ತವರು, ಗಂಡನ ಮನೆ, ಅವೆರಡರ ನಡುವಿನ ಹಾದಿ ಎಲ್ಲ ಬಂದುಹೋಗುತ್ತವೆ.

ನಾನೂ ಹೊಡೆದೆ. ನನ್ನ ಚೆಂಡು ಇಳಿಜಾರಿಗೆ ಸೋತಂತೆ ಬಿತ್ತು, ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲ. ಅದು ಉರುಳುತ್ತಲೇ ಇತ್ತು. ಒಡ್ಡಿಗೆ ತಾಗಿ ತಿರುಗಿತು, ನಿಂತೇ ಬಿಟ್ಟಿತು ಎನ್ನುವಾಗ ಮತ್ತೆ ಜಾರಿತು, ಅಂಗಳಕ್ಕೆ ಇಳಿದು ಬಾವುಟದ ಕಡೆ ಹೊರಳಿತು. ಹೊಡೆದದ್ದು ಒಂದು ಕ್ಷಣ, ಕಾದದ್ದು ಒಂದು ಯುಗ. ನಮ್ಮ ಕೈ ಬಿಟ್ಟು ಹೋದದ್ದು ಎಷ್ಟು ಹೊತ್ತು ನಮ್ಮದಾಗಿಯೇ ಉಳಿಯಬಲ್ಲದು ಎಂದು ಬೆರಗಾದೆ.

ಭಾನುವಾರಗಳು ತುಂಬತೊಡಗಿದವು. ಸೊಸೆಯಂದಿರು ಅತ್ತೆಯಂದಿರನ್ನು ಸೋಲಿಸಿದರು, ಅತ್ತೆಯಂದಿರು ಒಪ್ಪಲಿಲ್ಲ. ಆದರೂ ಎಲ್ಲರ ಬಾಯಲ್ಲಿ ಮೇಡಂ ಮೇಡಂ. ಒಂದು ಸಂಜೆ ರುಕ್ಮಾ ಮತ್ತೆ ಬದುವಿನ ಮೇಲೆ ಕಾಣಿಸಿದರು. ಅಕ್ಕ ಕೋಲು ಚಾಚಿದಳು.

"ನನಗೇನ್ ಬರ್ತದರೀ ಮೇಡಂ, ಈ ವಯಸ್ಸಿನ್ಯಾಗ," ಎಂದರು ರುಕ್ಮಾ. ಹಾಗನ್ನುತ್ತಲೇ ಸೆರಗು ಸಿಕ್ಕಿಸಿಕೊಂಡಿದ್ದರು.

ಅವರು ಬಾವುಟದ ಕಡೆ ನೋಡಲೇ ಇಲ್ಲ. ನೆಲ ನೋಡಿದರು, ಒಡ್ಡು ನೋಡಿದರು, ಒಂದು ಕಣ್ಣು ಮುಚ್ಚಿ ಮೆತ್ತಗೆ ತಳ್ಳಿದರು. ಚೆಂಡು ನೀರಿನ ದಾರಿ ಹಿಡಿಯಿತು. ಅದು ಬಂಡೆಯ ಸುತ್ತ ಬಳಸಿ, ಇಳಿದು, ಕುಣಿಯ ಹತ್ತಿರ ಮೊಳದಷ್ಟರಲ್ಲಿ ನಿಂತಿತು. ಜನ ಹೋ ಎಂದರು. ರುಕ್ಮಾ ಮಾತ್ರ ತುಟಿಗೆ ಬೆರಳಿಟ್ಟುಕೊಂಡು ಚೆಂಡನ್ನೇ ನೋಡುತ್ತ ನಿಂತರು. ಆ ಮುಖದಲ್ಲಿ ನಿವೃತ್ತ ಟೀಚರಮ್ಮ ಎಲ್ಲೂ ಇರಲಿಲ್ಲ.

ಅಕ್ಕನಿಗೆ ಈಗ ಹುರುಪು ಹತ್ತಿತು. ಬಂಡೆಯ ಮೇಲಿಂದ ನೇರ ಬೀಸಿದಳು. ಚೆಂಡು ಬಂಡೆಯ ನೆತ್ತಿ ಸವರಿ ಉಸುಕಿನ ಗುಂಡಿಗೆ ಬಿತ್ತು. ಗುಂಡಿಗಿಳಿದು ಹೊಡೆದಳು, ಉಸುಕು ಹಾರಿತು, ಚೆಂಡು ಹಾರಲಿಲ್ಲ. ಮತ್ತೆ ಹೊಡೆದಳು, ಅಂಗಳಕ್ಕೆ ಬಂತು. ಆಮೇಲೆ ಅಷ್ಟು ದೂರದಿಂದ ಒಂದೇ ಏಟಿಗೆ ಕುಣಿಗೆ ಹಾಕಿ, ಕೈ ಝಾಡಿಸಿ, "ಮೂರು," ಎಂದಳು.

"ಲೇ ಶಾಂತೀ!"

ಇಡೀ ಹೊಲ ಬೆಚ್ಚಿತು. ರುಕ್ಮಾ ಕೋಲು ಎತ್ತಿಕೊಂಡು ಅಂಗಳಕ್ಕೇ ನುಗ್ಗಿದ್ದರು. "ಉಸುಕಿನ್ಯಾಗ ಎರಡು ಸಲ ಹೊಡದೀಯಲ್ಲಲೇ! ನಾಕು ಆತು, ನಾಕು! ಸಾಲ್ಯಾಗೂ ಹಿಂಗ ಮಾಡ್ತಿದ್ದಿ, ಇನ್ನೂ ಚಾಳಿ ಬಿಟ್ಟಿಲ್ಲೇನು?"

ಮೇಡಂ ಅವರಿಗೆ ಲೇ ಎಂದವರು ಆ ಊರಲ್ಲಿ ಯಾರೂ ಇರಲಿಲ್ಲ. ಮಲ್ಲೇಶಿ ನನ್ನ ಮುಖ ನೋಡಿದ. ನಾನು ಅಕ್ಕನ ಮುಖ ನೋಡಿದೆ. ಅದು ಮೆಲ್ಲಗೆ ಕೆಂಪೇರಿ, ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತಿತು. ಮುಖಕ್ಕೆ ಸೊಂಟವಿರುವುದಿಲ್ಲ ಎಂಬ ವ್ಯಾಕರಣವನ್ನು ಓದುಗರು ಆ ಹೊತ್ತಿಗೆ ಮನ್ನಿಸಬೇಕು.

"ಯಾಕಬೇ, ನಿನ್ನ ಕಣ್ಣಿಗೆ ಪೊರಿ ಬಂದದೇನು? ಮೂರ ಅದಾವ!"

ಜಗಳ ಸೂರ್ಯ ಮುಳುಗುವವರೆಗೂ ನಡೆಯಿತು. ಜನ ಒಬ್ಬೊಬ್ಬರಾಗಿ ಚದುರಿದರು, ಇವರಿಬ್ಬರು ಜಗಳವಾಡುತ್ತಲೇ ಊರ ಕಡೆ ನಡೆದರು. ಔಷಧದ ಹನಿಗಳನ್ನು ಎಣಿಸಿಯೇ ಆಯುಷ್ಯ ಕಳೆದ ನಮ್ಮಕ್ಕ ನಾಲ್ಕು ಏಟುಗಳನ್ನು ತಪ್ಪಿ ಎಣಿಸಿದಳೇ ಎಂದು ನಾನು ಆಮೇಲೊಮ್ಮೆ ಕೇಳಿದ್ದೇನೆ. "ಆಟದಾಗ ಎಲ್ಲಾ ಲೆಕ್ಕ ಇರ್ತದೇನು?" ಎಂದು ಎದ್ದುಹೋದಳು.

ಅವರ ಹಿಂದೆ ಹಿಂದೆ ನಾನೂ ಓಣಿಗೆ ಬಂದೆ. ಗುಡಿಯ ಕಡೆ ತಿರುಗುವ ದಾರಿ ಬಂತು. ರುಕ್ಮಾ ತಿರುಗಲಿಲ್ಲ. ಉಸುಕಿನ ವಾದ ಅಷ್ಟೊತ್ತಿಗೆ ಮಹತ್ವದ ಘಟ್ಟ ಮುಟ್ಟಿತ್ತು. ಮಾತಾಡುತ್ತ ಮಾತಾಡುತ್ತ ಚಪ್ಪಲಿ ಬಿಟ್ಟು, ನಮ್ಮ ಹೊಸ್ತಿಲು ದಾಟಿ, ಅಕ್ಕನ ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತರು. ದಾಟಿದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ. ಅಕ್ಕನಿಗೆ ಗೊತ್ತಾಯಿತು. ಅವಳು ಒಮ್ಮೆಲೇ ಮಾತು ನಿಲ್ಲಿಸಿ ಅಡುಗೆಮನೆಗೆ ಹೋದಳು. ಚಹಾ ಕುದಿಯುವುದಕ್ಕೆ ಬೇಕಾದುದಕ್ಕಿಂತ ಬಹಳ ಹೊತ್ತು ಅಲ್ಲಿಯೇ ನಿಂತಿದ್ದಳು.

ಕಪ್ಪು ಕೈಗಿಟ್ಟಾಗ ರುಕ್ಮಾ ಒಂದು ಗುಟುಕು ಕುಡಿದರು. ಸಕ್ಕರೆ ಸರಿಯಾಗಿದೆ ಎಂಬಂತೆ ತಲೆಯಾಡಿಸಿ, ಇನ್ನೊಂದು ಗುಟುಕು ಕುಡಿದರು.

"ಚಾ ಕುಡದೆ ಅಂತ ಮೂರು ಅಂತೀನಿ ಅನ್ಕೋಬ್ಯಾಡ," ಎಂದರು. "ನಾಕು ಅಂದ್ರ ನಾಕ!"