ಬಸ್ಸಿನಿಂದ ಬಿದ್ದ ಅಜ್ಜಿ

ಎಪ್ಪತ್ತರ ದಶಕದಲ್ಲಿ ನಾನು ವಿಜಾಪುರದಲ್ಲಿ ಕಾಲೇಜು ಓದುತ್ತಿದ್ದೆ. ಒಮ್ಮೆ ನನ್ನ ಅಜ್ಜಿಯೊಂದಿಗೆ ಊರಿಗೆ ಹೋಗುವಾಗ, ತಿಕೋಟಾದಲ್ಲಿ ನಾನು ಮೊದಲು ಇಳಿದೆ; ಅಜ್ಜಿ ಪೂರ್ತಿ ಇಳಿಯುವ ಮೊದಲೇ ಬಸ್ಸು ಹೊರಟುಬಿಟ್ಟಿತು. ಆಕೆ ರಸ್ತೆಯ ಖಡಿಕಲ್ಲುಗಳ ಮೇಲೆ ಬಿದ್ದದ್ದು, ಹಿಂದಿನ ಗಾಲಿ ಸೆರಗಿನ ಪಕ್ಕದಲ್ಲೇ ಹಾದುಹೋದದ್ದು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಈ ವಯಸ್ಸಿನಲ್ಲಿ ಸೊಂಟ ಮುರಿಯಿತು, ಇನ್ನು ಆಕೆ ನಡೆಯುವುದಿಲ್ಲ ಎಂದು ನಾನು ಚೀರಿದೆ.

ಅಜ್ಜಿ ಎದ್ದು ನಿಂತಳು! ಸೀರೆಯ ಧೂಳು ಕೊಡವಿ ಗದರಿದಳು:

“ಯಾಕೋ ಚೀರಾಕತ್ತೀ ಯಪ್ಪಾ? ನಿನ್ನಂಗ ಚಹಾ ಕುಡದು ಕುಂತ ಎಲುಬೇನ ಇವು? ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಿಂದಾವ, ಮಜ್ಜಿಗಿ ಕುಡದಾವ, ದಿನಾ ಬಿಸಲಾಗ ಹೊಲಕ್ಕ ನಡದಾವ!”

ನನಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಅಷ್ಟರಲ್ಲಿ ನಾನೇ ರಸ್ತೆಯ ಅಂಚಿನಲ್ಲಿ ಕುಸಿದು ಕುಳಿತಿದ್ದೆ. ಅಜ್ಜಿ ಕೈಹಿಡಿದು ಎಬ್ಬಿಸಿದಳು.

“ಏಳೋ, ಮನಿ ಇನ್ನೂ ದೂರ ಐತಿ. ನಿನ್ನ ಹೊತಗೊಂಡು ಹೋಗಲೇನ?”