ಗಾಜು ಒರೆಸಿದ ಬಟ್ಟೆ

ಮಣ್ಣಿಗೆ ಬೆಳಕು ಬಿಟ್ಟು ಅದರ ಸಾರ ಅಳೆಯುವುದೂ ಒಂದು ಕೆಲಸವೇ ಎಂದು ನಕ್ಕು ಊರವರು ಅವನಿಗೆ ‘ಟಾರ್ಚ್ ಸಾಹೇಬ’ ಎಂದು ಹೆಸರಿಟ್ಟಿದ್ದರು. ಸಾಹೇಬನ ದರ್ಬಾರು ನೋಡಬೇಕಿತ್ತು! ಹೆಗಲಿಗೆ ಸೆನ್ಸರ್ ಪೆಟ್ಟಿಗೆ, ಸವೆದ ಬೂಟು, ದಿನವಿಡೀ ಹೊಲದಿಂದ ಹೊಲಕ್ಕೆ ಅಲೆತ. ಸೆನ್ಸರ್ ಕೋಲಿನ ತುದಿಯ ಗಾಜು ಒರೆಸು, ಒದ್ದೆ ಮಣ್ಣಿಗೆ ಊರು, ಸಾರಜನಕ ಎಷ್ಟಿದೆ ಎಂದು ಪರದೆಯಲ್ಲಿ ನೋಡು, ಮತ್ತೆ ಒರೆಸು. ಮಧ್ಯಾಹ್ನವಾಗುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು. ಬಿಟ್ಟುಬಿಡೋಣವೆಂದು ವರ್ಷಗಟ್ಟಲೆ ಅಂದುಕೊಂಡಿದ್ದ. ಈಗ ಅಂದುಕೊಳ್ಳುವುದಕ್ಕೂ ಬೇಸರ.

ಅವನನ್ನು ದೊಡ್ಡ ಮನುಷ್ಯನೆಂದು ನಂಬಿದ್ದವಳು ಅಕ್ಕ ಒಬ್ಬಳೇ. ಈ ಸಲ ಬಿತ್ತನೆಯ ಹೊತ್ತಿಗೆ ಅವಳ ಮೆಕ್ಕೆಜೋಳದ ಹೊಲದಲ್ಲಿ ಸಾರಜನಕ ತುಂಬಿ ತುಳುಕುತ್ತಿದೆ ಎಂದು ಸೆನ್ಸರ್ ತೋರಿಸಿತು. ಗೊಬ್ಬರ ಬೇಡವೆಂದ. ಭಾವ ಮೂಗು ಮುರಿದ.

"ನನ್ನ ತಮ್ಮ ಹೇಳಿದ ಮೇಲೆ ಮುಗೀತು," ಎಂದು ಅಕ್ಕ ಗಂಡನ ಬಾಯಿ ಮುಚ್ಚಿಸಿದಳು.

ಈಗ ಮೊಣಕಾಲೆತ್ತರದ ಪೈರು ಹಳದಿಗೆ ತಿರುಗಿ ನಿಂತಿತ್ತು. ಅಕ್ಕನ ಜೊತೆ ಹೊಲಕ್ಕಿಳಿದು ಸೆನ್ಸರ್ ಊರಿದರೆ, ಆ ಪುಣ್ಯಾತ್ಮ ಯಂತ್ರ ಈಗಲೂ ಬೇಕಾದಷ್ಟಿದೆ ಎಂದೇ ತೋರಿಸಿತು. ತಲೆ ಚಿಟ್ಟು ಹಿಡಿದು, ಜೇಬಿನಿಂದ ಬಟ್ಟೆ ತೆಗೆದು ಗಾಜು ಒರೆಸತೊಡಗಿದ.

"ಇದು ನಿನ್ನ ಹತ್ರ ಹೇಗೆ ಬಂತೋ?" ಅಕ್ಕ ಬಟ್ಟೆ ಕಿತ್ತುಕೊಂಡಳು. "ಎಲ್ಲಾ ಕಡೆ ಹುಡುಕಿದೆ. ನಿಮ್ಮ ಭಾವ ಗೊಬ್ಬರ ಎರಚುವಾಗ ಸೊಂಟಕ್ಕೆ ಕಟ್ಟೋದು ಇದನ್ನೇ."

ಅವನು ಬಾಗಿ ಬಟ್ಟೆಯನ್ನು ಮೂಸಿದ. ಆಫೀಸಿನಿಂದ ಕೊಡುವ ಒರೆಸುವ ಬಟ್ಟೆ ಮುಗಿದಿತ್ತು, ಕೇಳಿ ಕೇಳಿ ಅವನಿಗೂ ಸಾಕಾಗಿತ್ತು. ಈ ಹೊಲ ಅಳೆದ ದಿನ ಅಕ್ಕನ ಕೊಟ್ಟಿಗೆಯ ಮೊಳೆಯಲ್ಲಿ ನೇತಾಡುತ್ತಿದ್ದ ಇದನ್ನು ಎತ್ತಿಕೊಂಡಿದ್ದ. ಅಂದಿನಿಂದ ತಾನೇ ಗಾಜಿಗೆ ಗೊಬ್ಬರದ ಪುಡಿ ಮೆತ್ತಿ, ಅದನ್ನೇ ಅಳೆದು, ಮಣ್ಣಿನ ಸಾರವೆಂದು ಹೇಳುತ್ತ ಬಂದಿದ್ದ. ಆಮೇಲೆ ಅಳೆದ ಹೊಲಗಳೆಲ್ಲ ಕಣ್ಣ ಮುಂದೆ ಬಂದವು. ಅಷ್ಟೂ ಹೊಲಗಳಿಗೆ ಮತ್ತೆ ನಡೆಯಬೇಕು, ಒಬ್ಬೊಬ್ಬರ ಮುಂದೆಯೂ ತಲೆ ತಗ್ಗಿಸಬೇಕು. ಬದುವಿನ ಮೇಲೆ ಕುಸಿದು ಕುಳಿತ.

"ತಪ್ಪು ನಂದೇ ಅಕ್ಕ," ಎಂದು ಎಲ್ಲವನ್ನೂ ಹೇಳಿದ.

ಅವಳು ಬೈಯಲಿಲ್ಲ. ಕೊಡದಲ್ಲಿ ನೀರು ತಂದು ಸುರಿದಳು. ಅವನು ಗಾಜು ತೊಳೆದು ಮತ್ತೆ ಊರಿದ. ಅಂಕಿ ಪಾತಾಳಕ್ಕಿಳಿಯಿತು.

"ಇನ್ನೂ ಕಾಲ ಮಿಂಚಿಲ್ಲ, ಪೈರು ಉಳಿಯುತ್ತೆ," ಎಂದ. "ತಾಳು, ಗೊಬ್ಬರ ಎಷ್ಟು ಹಾಕ್ಬೇಕು ಅಂತ ಹೇಳ್ತೀನಿ."

"ನೀನು ಸುಸ್ತಾಗಿದೀಯ, ಮೊದಲು ಬಂದು ಊಟ ಮಾಡು," ಎಂದು ಅಕ್ಕ ಅವನ ಭುಜ ಸವರಿದಳು. "ಗೊಬ್ಬರ ಎಷ್ಟು ಅಂತ ನಿಮ್ಮ ಭಾವನ್ನೇ ಕೇಳ್ಕೋತೀನಿ."